ಖಾಲಿ ಟ್ಯಾಕ್ಸಿಯ ಮೂಲೆ ಸೀಟು

ಹೋದ ತಿಂಗಳು ನೀವಿಬ್ಬರೂ ರಜೆಗೆ ಕೊಟ್ಟೂರಿಗೆ ಬಂದಿದ್ದಾಗ ಸಿರಿ ಒಂದು ಮಾತು ಕೇಳಿದಳು. ನಾನು ಸೋಫಾದ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದೆ. ಕೈಯಲ್ಲಿ ಮೊಬೈಲು ಹಿಡಿದು ಬಂದವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಜ್ಜಿ, ಸೋಫಾ ಪೂರಾ ಖಾಲಿ ಐತಿ. ನೀ ಯಾಕ ಆ ತುದಿಗೆ ಅಂಟಿಕೊಂಡು ಕುಂತಿ? ಇನ್ನ ಯಾರ್ ಬರೋರದಾರ?"

ನಾನು ನೋಡಿಕೊಂಡೆ. ಹೌದು. ಮೂರು ಮಂದಿ ಕೂರುವ ಸೋಫಾದ ಮೂಲೆಯಲ್ಲಿ ಒಂದು ತೊಡೆಯಷ್ಟು ಜಾಗದಲ್ಲಿ ಕೂತಿದ್ದೆ. ಉಳಿದದ್ದೆಲ್ಲ ಖಾಲಿ. "ನಿನಗ ಬಿಟ್ಟೀನಿ, ಬಾ" ಅಂದೆ. ಅವಳು ನಕ್ಕು ಹೊರಗೆ ಹೋದಳು. ಅವಳ ತಮ್ಮ ಕೊಟ್ರೇಶಿ ಮಾತ್ರ ಬಂದು, ಬಿಟ್ಟ ಜಾಗದಲ್ಲೆಲ್ಲ ಕಾಲು ಚಾಚಿ ಮಲಗಿ, ನನ್ನ ಮೊರದೊಳಗಿನ ಕಾಳು ತಿನ್ನತೊಡಗಿದ.

ಸಿರಿ, ನಿನ್ನ ಪ್ರಶ್ನೆಗೆ ಆವತ್ತು ಕೊಟ್ಟ ಉತ್ತರ ಸರಿಯಾದದ್ದಲ್ಲ. ನನಗೆ ಮಾತಾಡುವುದಕ್ಕಿಂತ ಬರೆಯುವುದು ಸಲೀಸು. ಏಳನೆಯ ತರಗತಿ ತನಕ ಓದಿದ ಕೈ, ಅಕ್ಷರ ದಪ್ಪ, ಸಾಲು ಡೊಂಕು. ಓದಿಕೊಳ್ಳಿರಿ.

ಈ ಅಭ್ಯಾಸ ನನಗೆ ಬಂದದ್ದು ನಿಮ್ಮಜ್ಜನ ಟೆಂಪೋದಿಂದ. ಅವರು ಕೊಟ್ಟೂರು ಹರಪನಹಳ್ಳಿ ನಡುವೆ ಟೆಂಪೋ ಓಡಿಸುತ್ತಿದ್ದರು. ಅದರ ಬಣ್ಣ ಮೊದಲು ಹಳದಿ ಇತ್ತಂತೆ, ನಾನು ಮದುವೆಯಾಗಿ ಬರುವಷ್ಟರಲ್ಲಿ ಅದಕ್ಕೆ ಇಂಥದೇ ಎನ್ನುವ ಬಣ್ಣ ಉಳಿದಿರಲಿಲ್ಲ. ಎಡಗಡೆ ಬಾಗಿಲಿನ ಚಿಲಕ ಹೋಗಿ, ಅದನ್ನು ಎತ್ತಿನ ಹಗ್ಗದಲ್ಲಿ ಕಟ್ಟಿದ್ದರು. ಸಂತೆಯ ದಿನ ನಾನೂ ಅದರಲ್ಲಿ ಹೋಗುತ್ತಿದ್ದೆ. ಡ್ರೈವರನ ಹೆಂಡತಿಯಾದರೆ ಮುಂದಿನ ಸೀಟು ಸಿಗುತ್ತದೆ ಎಂದು ನೀವು ತಿಳಿದಿರಬೇಕು. ಇಲ್ಲ. ನನ್ನನ್ನೇ ಎಲ್ಲರಿಗಿಂತ ಮೊದಲು ಸರಿಸುತ್ತಿದ್ದರು.

"ಏ, ಸರೀ ಸ್ವಲ್ಪ. ಯಕ್ಕಾ, ನೀನೂ ಸರೀಯವ್ವ. ಅಜ್ಜಾ, ಕಾಲು ಮಡಚ್ಕೊಳ್ರಿ, ಅದೇನ್ ನಿಮ್ಮ ಹೊಲದ ಬದುವೇನು? ಇನ್ನೊಬ್ರು ಕುಂದ್ರತಾರ!"

"ಲೇ, ಕುಂದ್ರಾಕ ಜಾಗ ಎಲ್ಲೈತೋ? ನಿನ್ನ ತಲಿ ಮ್ಯಾಲ ಕುಂದ್ರಿಸ್ಲೇನು?" ಎಂದು ಯಾರಾದರೂ ಬೈಯುತ್ತಿದ್ದರು. ಅವರು ಅದಕ್ಕೂ ನಗುತ್ತಿದ್ದರು. ನಾಲ್ಕು ಮಂದಿಯ ಸೀಟಿನಲ್ಲಿ ಆರು ಮಂದಿ, ಮೈಲಾರದ ಜಾತ್ರೆಯ ದಿನಗಳಲ್ಲಿ ಎಂಟು. ತುಂಬುವ ತನಕ ಗಾಡಿ ಅಲ್ಲಾಡುತ್ತಿರಲಿಲ್ಲ. ಯಾರಾದರೂ ಹಿಂದಿನಿಂದ, "ಹೊಂಡಪಾ, ಹೊತ್ತಾತು" ಅಂದರೆ ಮಾತ್ರ ಅವರಿಗೆ ಸಿಟ್ಟು. ಬೇಕೆಂದೇ ಇಳಿದು ಒಂದು ಚಹಾ ಕುಡಿದು ಬರುತ್ತಿದ್ದರು. ಡ್ರೈವರನಿಗೆ ಅವಸರ ಮಾಡಬಾರದು ಎನ್ನುವುದನ್ನು ನಾನು ಕಲಿತದ್ದು ಹೀಗೆ.

ಆ ಗಾಡಿ ಖಾಲಿ ಹೋಗುತ್ತಿದ್ದದ್ದು ಒಂದೇ ಕಾರಣಕ್ಕೆ. ಹೆರಿಗೆ ನೋವಿನ ಹೆಣ್ಣುಮಗಳು ಬಂದರೆ. ಆಗ ಅವರು ಬೇರೆ ಮನುಷ್ಯರೇ ಆಗಿಬಿಡುತ್ತಿದ್ದರು. ಕೂತ ಹನ್ನೆರಡು ಮಂದಿಯನ್ನು, ಅವರ ಗಂಟು, ಕೋಳಿ, ಮೇಕೆಮರಿ ಸಮೇತ ಇಳಿಸಿ, "ಬೈಕೊಳ್ರಿ, ಆಮ್ಯಾಗ ಬಂದು ಬೈಸ್ಕಂತೀನಿ" ಎಂದು ಹೊರಟೇ ಬಿಡುತ್ತಿದ್ದರು. ಟೆಂಪೋದ ಮೈಯನ್ನು ಯಾರಾದರೂ ಎರಡು ಸಲ ಬಡಿದು "ರೈಟ್" ಅನ್ನುವುದನ್ನೂ ಕಾಯುತ್ತಿರಲಿಲ್ಲ.

ಹೀಗೆ ಎಷ್ಟೋ ಮಂದಿಯನ್ನು ದವಾಖಾನೆ ಮುಟ್ಟಿಸಿದರು. ಸ್ವಂತ ಮಗಳ ಹೊತ್ತಿಗೆ ಆಗಲಿಲ್ಲ. ಸಿರಿ, ನೀನು ಧಾರವಾಡದಲ್ಲಿ ಹುಟ್ಟಿದ ದಿನ ನಿಮ್ಮಜ್ಜ ದಾವಣಗೆರೆಯ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದರು. ನಾನು ಅವರ ಪಕ್ಕ ಕೂತಿದ್ದೆ. ಮೊದಲ ಹೆರಿಗೆಗೆ ಮಗಳು ತವರಿಗೆ ಬರಬೇಕು, ತವರೇ ಆಸ್ಪತ್ರೆಯಲ್ಲಿತ್ತು. ನಿಮ್ಮವ್ವ ಫೋನಿನಲ್ಲಿ, "ಅವ್ವಾ, ನೀ ಅಪ್ಪನ ಬಾಜು ಬಿಟ್ಟು ಏಳಬ್ಯಾಡ, ಇಲ್ಲಿ ನಮ್ಮತ್ತಿ ಅದಾರ" ಅಂದಳು. ಒಂಬತ್ತನೆಯ ದಿನಕ್ಕೆ ನಿಮ್ಮಜ್ಜ ಹೋದರು. ನಿನ್ನ ಫೋಟೋ ತೋರಿಸಿದ್ದೆ, ನೋಡಿ ಕಣ್ಣು ಮಿಟುಕಿಸಿದರು, ಅಷ್ಟೆ.

ನಿಮ್ಮವ್ವ ಅದರ ಬಗ್ಗೆ ದೂರಿದವಳಲ್ಲ. ಬಹಳ ದಿನ ಕಳೆದ ಮೇಲೆ, ನಿನಗೆ ಎಣ್ಣೆ ಹಚ್ಚುತ್ತ ಕೂತಿದ್ದಾಗ, ನನ್ನ ಕಡೆ ನೋಡದೆಯೇ ಒಂದು ಮಾತು ಹೇಳಿದಳು. "ಬ್ಯಾನಿ ಜೋರಾದಾಗ ಬಾಜೂಕ ಕೈ ಚಾಚಿದೆ ಅವ್ವಾ. ನೀ ಅದೀ ಅಂತ ಅನಿಸಿತ್ತು. ಮಂಚದ ಕಬ್ಬಿಣ ಸಿಕ್ತು."

ಆ ಕಬ್ಬಿಣ ನನ್ನ ಎದೆಯಲ್ಲಿ ಉಳಿಯಿತು. ಆರು ವರ್ಷದ ಮೇಲೆ ಎರಡನೆಯ ಬಸಿರು ಎಂದು ಗೊತ್ತಾದಾಗ ನೀವೆಲ್ಲ ಜಪಾನಿನಲ್ಲಿದ್ದಿರಿ. ನಿಮ್ಮಪ್ಪ ಅಲ್ಲಿ ಯಾವುದೋ ವಿಶ್ವವಿದ್ಯಾಲಯದಲ್ಲಿ ನವಣೆ ಸಜ್ಜೆಗಳ ಬೀಜದ ಮೇಲೆ ಕೆಲಸ ಮಾಡುತ್ತಿದ್ದರು. ನಮ್ಮ ನೆಲದಡಿಯ ಹಗೇವಿನಲ್ಲಿ ಬೇಡವೆಂದರೂ ತುಂಬಿರುತ್ತಿದ್ದ ಕಾಳು ನೋಡಲು ಅಷ್ಟು ದೂರ ಹೋಗಬೇಕೇ ಎಂದು ನಾನು ಕೇಳಲಿಲ್ಲ, ಅಳಿಯಂದಿರನ್ನು ಹಾಗೆಲ್ಲ ಕೇಳಬಾರದು. ಡಾಕ್ಟರು ಪ್ರಯಾಣ ಬೇಡ ಎಂದರು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಅಲ್ಲಿಗೆ ಹೋಗಬೇಕಲ್ಲ. ಹೋಗುತ್ತೇನೆ ಅಂದೆ.

ಅಂದದ್ದು ನಾನೇ ಎಂದು ನನಗೇ ನಂಬಿಕೆ ಬರಲಿಲ್ಲ. ನಾನು ಹೊಳಲಿನ ಹತ್ತಿರದ ಶಾಲೆಯಲ್ಲಿ ಓದುವಾಗ, ಹಾಜರಿ ಕೂಗಿದರೆ "ಎಸ್ ಸಾರ್" ಅನ್ನಲು ನಾಚಿ ಕೈ ಎತ್ತುತ್ತಿದ್ದವಳು. ಮಾಸ್ತರು ಪುಸ್ತಕದಿಂದ ತಲೆ ಎತ್ತದೆ ಇದ್ದ ದಿನಗಳಲ್ಲೆಲ್ಲ ಗೈರುಹಾಜರಿ ಬಿದ್ದಿತ್ತು. ವರ್ಷದ ಕೊನೆಗೆ ನಮ್ಮಪ್ಪನನ್ನು ಕರೆಸಿ, "ನಿಮ್ಮ ಮಗಳು ಸಾಲಿಗೆ ಬರೋದೇ ಇಲ್ಲಲ್ರಿ" ಅಂದಾಗ ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ.

ಪಕ್ಕದ ಮನೆಯ ಹಾಲಮ್ಮ, ನಿಮಗೆ ಗೊತ್ತಲ್ಲ, ಅಂಟಿನ ಉಂಡೆ ಕಟ್ಟಲು ಕೂತವಳು ಒಂದೇ ಸಮ ಆಡಿಕೊಂಡಳು.

"ಕೂಡ್ಲಿಗಿಗೆ ಒಬ್ಬಾಕಿ ಹೋಗಾಕ ಬರಂಗಿಲ್ಲ ನಿನಗ. ಜಪಾನಿಗೆ ಹೊಂಟೀಯಲ್ಲ, ದಾರಿ ಯಾರನ್ನ ಕೇಳ್ತೀ?"

"ಅಳಿಯಾರು ವಿಮಾನದ ಹತ್ರನೇ ಬರ್ತಾರ."

"ಬರಲಿಲ್ಲಂದ್ರ?"

"ಬಾಣಂತಿ ಉಂಡಿ ಕಟ್ಟೂಮುಂದ ಅಪಶಕುನ ನುಡಿಬ್ಯಾಡ, ಸುಮ್ನ ಕಟ್ಟು" ಅಂದೆ. ಆದರೆ ಆವತ್ತೇ ನಿಮ್ಮಪ್ಪನ ನಂಬರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ.

ಒಂದು ಡಬ್ಬಿ ಅಂಟಿನ ಉಂಡೆ, ಒಂದು ಸೂಟ್‌ಕೇಸು, ಒಂದು ಕೌದಿ. ಕೌದಿಯನ್ನು ನಾನು ನಾಲ್ಕು ತಿಂಗಳು ಕೂತು ಹೊಲಿದಿದ್ದೆ. ನನ್ನ ಹಳೆಯ ಸೀರೆಗಳು, ನಡುನಡುವೆ ನಿಮ್ಮಜ್ಜನ ಖಾಕಿ ಅಂಗಿಯ ತುಂಡುಗಳು. ಅದು ಸೂಟ್‌ಕೇಸಿನಲ್ಲಿ ಹಿಡಿಯದೆ ಗಂಟು ಕಟ್ಟಿ ಕೈಯಲ್ಲೇ ಹಿಡಿದೆ. ಬೆಂಗಳೂರಿನ ತನಕ ನನ್ನ ಮೈದುನ ಬಂದ. ಅಲ್ಲಿ ನನ್ನನ್ನು ಚಕ್ರದ ಕುರ್ಚಿಯಲ್ಲಿ ಕೂರಿಸಿದರು. ಭಾಷೆ ಬಾರದವರಿಗೆ ಅದೇ ಸರಿ ಎಂದು ನಿಮ್ಮಪ್ಪ ಟಿಕೆಟ್ಟಿನಲ್ಲೇ ಬರೆಸಿದ್ದರಂತೆ. ದಿನವಿಡೀ ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುವ ನನ್ನನ್ನು ಒಂದು ಹುಡುಗಿ ತಳ್ಳಿಕೊಂಡು ಹೋಗುವುದೆಂದರೆ! ನಾಚಿಕೆಯಿಂದ, ನಿಜವಾಗಿಯೂ ಕಾಲು ನೋಯುವವಳಂತೆ ಮುಖ ಮಾಡಿಕೊಂಡು ಕೂತೆ.

ಜಪಾನಿನಲ್ಲಿ ಇಳಿದಾಗ ಬೆಳಗಿನ ಹೊತ್ತು. ಅಲ್ಲಿಯೂ ಒಬ್ಬ ಹೆಣ್ಣುಮಗಳು ಕುರ್ಚಿ ತಳ್ಳಿಕೊಂಡು ಹೊರಬಾಗಿಲ ತನಕ ತಂದಳು. ಸರಪಳಿಯ ಆಚೆ ಬಹಳ ಮಂದಿ ನಿಂತಿದ್ದರು. ನಿಮ್ಮಪ್ಪ ಇರಲಿಲ್ಲ. ಕಾದೆವು. ಬಂದವರೆಲ್ಲ ತಮ್ಮವರನ್ನು ಕರೆದುಕೊಂಡು ಹೋದರು. ಕೊನೆಗೆ ಆ ಹೆಣ್ಣುಮಗಳಿಗೆ ನಿಮ್ಮಪ್ಪನ ನಂಬರು ಬರೆದ ಚೀಟಿ ಕೊಟ್ಟೆ. ಅವಳು ತನ್ನ ಫೋನಿನಿಂದ ಮಾಡಿ ನನ್ನ ಕಿವಿಗೆ ಹಿಡಿದಳು.

"ಅತ್ತಿ, ಅಂಜಬ್ಯಾಡ್ರಿ. ಇಕೀಗೆ ಬೆಳಿಗ್ಗೆನ ಬ್ಯಾನಿ ಸುರು ಆಗ್ಯಾವ್ರಿ. ಇನ್ನೂ ಇಪ್ಪತ್ತು ದಿನ ಇತ್ತು. ಆಸ್ಪತ್ರಿಗೆ ಕರಕೊಂಡು ಬಂದೀನಿ, ಒಬ್ಬಾಕಿನ್ನ ಬಿಟ್ಟು ಬರಾಕ ಆಗವಲ್ದು. ಸಿರಿ ಬಾಜು ಮನಿಯಾಗ ಅದಾಳ. ನೀವು ಒಂದು ಟ್ಯಾಕ್ಸಿ ಹತ್ತಿ ಬಂದುಬಿಡ್ರಿ, ಅರ್ಧ ತಾಸಿನ ದಾರಿ. ಆ ಬಾಯಾರಿಗೆ ಆಸ್ಪತ್ರಿ ಹೆಸರು ಹೇಳ್ತೀನಿ, ಬರಕೊಡ್ತಾರ."

"ಆಕಿ ಹೆಂಗದಾಳ್ರಿ?"

"ನೀವು ಎಲ್ಲಿಗೆ ಬಂದ್ರಿ ಅಂತ ಹತ್ತು ಸಲ ಕೇಳ್ಯಾಳ್ರಿ."

ಆ ಹೆಣ್ಣುಮಗಳು ಚೀಟಿ ಬರೆದುಕೊಟ್ಟಳು. ನಾನು ಅದನ್ನು ಸೆರಗಿನ ತುದಿಗೆ ಗಂಟು ಹಾಕಿದೆ. ಟ್ಯಾಕ್ಸಿಯ ಸಾಲು ತೋರಿಸಿ, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, ಇನ್ನಾರನ್ನೋ ತಳ್ಳಲು ಓಡಿದಳು.

ಸಾಲಿನಲ್ಲಿ ನನ್ನ ಪಾಳಿ ಬಂತು. ಕರ್ರಗೆ ಮಿಂಚುವ ಕಾರು. ನಾನು ಹತ್ತಿರ ಹೋದ ಕೂಡಲೇ ಅದರ ಹಿಂದಿನ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಪಾಪ, ಚಿಲಕ ಹೋಗಿದೆ, ಹಗ್ಗ ಕಟ್ಟಿಲ್ಲ ಎಂದುಕೊಂಡು ನಾನೇ ಮೆಲ್ಲಗೆ ಮುಚ್ಚಿದೆ. ಮತ್ತೆ ತೆರೆಯಿತು. ಮತ್ತೆ ಮುಚ್ಚಿದೆ. ಮೂರನೆಯ ಸಲಕ್ಕೆ ಡ್ರೈವರು ಇಳಿದು ಬಂದರು. ನಿಮ್ಮಜ್ಜನ ವಯಸ್ಸಿನವರು, ಟೊಪ್ಪಿಗೆ, ಕೈಗೆ ಬಿಳಿಯ ಗವಸು. ಬಗ್ಗಿ ನಮಸ್ಕರಿಸಿ, ಸೂಟ್‌ಕೇಸನ್ನು ಹಿಂದೆ ಇಟ್ಟು, ಒಳಗೆ ಕೂರಲು ಕೈ ತೋರಿಸಿದರು.

ಒಳಗೆ ಸೀಟಿಗೆಲ್ಲ ಬಿಳಿಯ ಕಸೂತಿ ಬಟ್ಟೆ ಹೊದಿಸಿತ್ತು. ಅಂಥದರ ಮೇಲೆ ಚಪ್ಪಲಿ ಮೆಟ್ಟಿಕೊಂಡು ಹತ್ತುವುದೆಂದರೆ? ಚಪ್ಪಲಿಯನ್ನು ರಸ್ತೆಯ ಮೇಲೆ ಜೋಡಿಸಿಟ್ಟು ಒಳಗೆ ಹೋದೆ. ಮತ್ತೆ ಹೇಳಬೇಕೇ, ಆಚೆ ತುದಿಯ ತನಕ ಸರಿದು ಮೂಲೆಯಲ್ಲಿ ಕೂತೆ. ಕೌದಿಯ ಗಂಟನ್ನು ಸೀಟಿನ ಮೇಲೆ ಇಟ್ಟರೆ ಒಬ್ಬರ ಜಾಗ ಹೋಗುತ್ತದೆ. ಅದನ್ನು ಬಾಗಿಲ ಬುಡಕ್ಕೆ ಕೆಳಗೆ ಇಟ್ಟೆ. ದೊಡ್ಡ ಗಂಟು, ಅರ್ಧ ಒಳಗೆ, ಅರ್ಧ ಹೊರಗೆ.

ಡ್ರೈವರು ತಮ್ಮ ಜಾಗದಲ್ಲಿ ಕೂತು ಕನ್ನಡಿಯೊಳಗೆ ನನ್ನನ್ನು ನೋಡಿ ಮೆಲುದನಿಯಲ್ಲಿ ಏನೋ ಕೇಳಿದರು. ನಾನು, "ಇರ್ಲಿ ಬಿಡ್ರಿ, ತುಂಬಲಿ" ಅಂದೆ.

ಅವರು ಕಾದರು. ನಾನೂ ಕಾದೆ.

ನೀವು ನಗಬಹುದು. ಎದೆಯೊಳಗೆ ಅವಸರ ಕುದಿಯುತ್ತಿತ್ತು. ಮಗಳು ಹತ್ತು ಸಲ ಕೇಳಿದ್ದಾಳೆ. ಆದರೆ ಒಬ್ಬಳೇ ಹೆಂಗಸು ಕೂತ ಗಾಡಿ ಹೊರಡುತ್ತದೆ ಎನ್ನುವ ಯೋಚನೆಯೇ ನನಗೆ ಬರಲಿಲ್ಲ. ಐವತ್ತು ವರ್ಷ ನಾನು ಕೂತ ಯಾವ ಗಾಡಿಯೂ ಹಾಗೆ ಹೊರಟಿರಲಿಲ್ಲ. ಇನ್ನು ಡ್ರೈವರರಿಗೆ ಹೊತ್ತಾಯಿತು ಅಂದರೆ ಇಳಿದು ಚಹಾಕ್ಕೆ ಹೋಗಿಬಿಟ್ಟರೆ? ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕೂತೆ. ಊರಿನ ಹೆಸರು ಹೇಳುವುದು ಗಾಡಿ ಹೊರಟ ಮೇಲೆ ತಾನೇ.

ಅವರು ಮತ್ತೆ ಏನೋ ಕೇಳಿದರು. ಬಾಗಿಲ ಕಡೆಗೂ ಗಂಟಿನ ಕಡೆಗೂ ನೋಡಿದರು. ಸಾಲಿನಲ್ಲಿ ಮಂದಿ ನಿಂತಿದ್ದರು, ಒಬ್ಬರೂ ನನ್ನ ಗಾಡಿಯ ಕಡೆ ಬರಲಿಲ್ಲ. ಪಕ್ಕದ ಕಾರುಗಳು ಒಂದೊಂದಾಗಿ ಹೊರಟವು. ನನಗೆ ಸಣ್ಣ ದುಃಖವಾಯಿತು. ಪರದೇಶದವಳು, ಬರಿಯ ಹಣೆಯವಳು, ನನ್ನ ಪಕ್ಕ ಕೂರಲು ಇವರಿಗೆ ಮನಸ್ಸಿಲ್ಲ ಎಂದುಕೊಂಡೆ. ಕಣ್ಣು ತುಂಬಿ ಬಂತು.

ಆಮೇಲೆ ನಿಮ್ಮಜ್ಜ ನೆನಪಾದರು. ಮಂದಿ ಬಾರದ ದಿನ ಅವರು ಸುಮ್ಮನೆ ಕೂತದ್ದನ್ನು ನಾನು ಕಂಡಿಲ್ಲ. ಬಾಗಿಲಿಗೆ ಜೋತುಬಿದ್ದು ಕೂಗಿ ಕರೆಯುತ್ತಿದ್ದರು. ನಾನು ಗಂಟಿನ ಮೇಲಿನಿಂದ ತಲೆ ಹೊರಗೆ ಹಾಕಿದೆ. ಕೈ ಮುಂದೆ ಚಾಚಿ ಅಂಗೈ ಕೆಳಗೆ ಮಾಡಿ ಬೆರಳು ಆಡಿಸಿದೆ. ದನಿ ಎಲ್ಲಿಂದ ಬಂತೋ ಗೊತ್ತಿಲ್ಲ.

"ಬರ್ರೀ! ಬರ್ರೀ ಯಕ್ಕಾ, ಜಾಗ ಐತಿ!"

ಸಾಲಿನ ಮುಂದೆ ಒಬ್ಬ ಮುದುಕಿ ನಿಂತಿದ್ದಳು. ಬೆನ್ನು ಬಾಗಿದೆ, ತಲೆ ಹತ್ತಿಯ ಹಾಗೆ ಬೆಳ್ಳಗಿದೆ, ಕೈಯಲ್ಲಿ ಒಂದು ಬಟ್ಟೆಯ ಚೀಲ. ಅಲ್ಲಿಯವರೂ ಕರೆಯುವಾಗ ನಮ್ಮ ಹಾಗೆಯೇ ಅಂಗೈ ಕೆಳಗೆ ಮಾಡಿ ಕರೆಯುತ್ತಾರೆ ಎನ್ನುವುದು ನನಗೆ ಆಮೇಲೆ ತಿಳಿಯಿತು. ಅವಳು ಬಂದಳು. ಬಗ್ಗಿ ನನ್ನ ಮುಖ ನೋಡಿದಳು. ಡ್ರೈವರು ಅವಳಿಗೆ ಏನೋ ಹೇಳಿದರು, ಅವಳು ನನಗೆ ಏನೋ ಕೇಳಿದಳು. ನಾನು ಸೆರಗಿನ ಗಂಟು ಬಿಚ್ಚಿ ಚೀಟಿ ಕೊಟ್ಟೆ. ಗಂಡಸಿನ ಕೈಗೆ ಕೊಡಲು ಇಷ್ಟು ಹೊತ್ತು ಸಂಕೋಚವಾಗಿತ್ತು, ಅವಳಿಗೆ ಕೊಡುವಾಗ ಸಂಕೋಚ ಅನಿಸಲಿಲ್ಲ.

ಅವಳು ಓದಿದಳು. ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಒಂದು ಕೈಯನ್ನು ಹೊಟ್ಟೆಯ ಮುಂದೆ ದೊಡ್ಡದಾಗಿ ಸುತ್ತಿ ತೋರಿಸಿ, ಆಮೇಲೆ ಎರಡೂ ತೋಳಿನಲ್ಲಿ ಕೂಸು ತೂಗಿದೆ. "ಮಗಳು" ಅಂದೆ. "ನನ್ನ ಮಗಳು."

ಹಾಗೆ ಖಾಲಿ ತೋಳು ತೂಗುತ್ತಿರುವಾಗಲೇ ನನಗೆ ಹೊಳೆಯಿತು. ಅಯ್ಯೋ, ಇದು ಹೆರಿಗೆಯ ಗಾಡಿ! ಕೂತವರನ್ನೂ ಇಳಿಸಿ ಓಡಿಸಬೇಕಾದ ಗಾಡಿ. ಇದನ್ನು ಹಿಡಿದು ನಿಲ್ಲಿಸಿಕೊಂಡು ಕೂತವಳು ನಾನೇ!

ಮುದುಕಿ ಡ್ರೈವರಿಗೆ ಚೀಟಿ ಕೊಟ್ಟು ನಾಲ್ಕು ಮಾತು ಜೋರಾಗಿ ಹೇಳಿದಳು. ಆಮೇಲೆ ಬಗ್ಗಿ, ರಸ್ತೆಯ ಮೇಲಿದ್ದ ನನ್ನ ಚಪ್ಪಲಿಗಳನ್ನು ಕೈಯಲ್ಲಿ ಎತ್ತಿಕೊಂಡು ಒಳಗೆ ಬಂದು ನನ್ನ ಪಕ್ಕ ಕೂತಳು. ಅವಳ ದಾರಿಯೂ ಅತ್ತ ಇತ್ತೋ, ನನ್ನ ಮುಖ ನೋಡಿ ಬಂದಳೋ, ಕೇಳಲು ನನಗೆ ಭಾಷೆ ಇರಲಿಲ್ಲ. ನನಗಿಂತ ಇಪ್ಪತ್ತು ವರ್ಷಕ್ಕೆ ಹಿರಿಯಳು ನನ್ನ ಚಪ್ಪಲಿ ಮುಟ್ಟಿದಳಲ್ಲ ಎಂದು ನಾನು ಗಾಬರಿಯಾಗಿ ಅವಳ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಅವಳೂ ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಸೇರಿ ಗಂಟನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡೆವು. ಬಾಗಿಲು ತಾನೇ ಮುಚ್ಚಿಕೊಂಡಿತು.

ನಾನು ಬಾಗಿಲನ್ನು ಒಳಗಿನಿಂದ ಎರಡು ಸಲ ಬಡಿದೆ.

"ರೈಟ್! ರೈಟ್! ಹೊಂಡ್ರೀ!"

ಹಾಜರಿಗೆ ದನಿ ಎತ್ತದವಳು ಜಪಾನಿನಲ್ಲಿ ಕೂಗಿದ್ದು ಹೀಗೆ. ಡ್ರೈವರು ಬೆಚ್ಚಿ ಹಿಂದೆ ನೋಡಿ, ಮುಂದೆ ತಿರುಗಿ ಗಾಡಿ ಬಿಟ್ಟರು.

ದಾರಿಯಲ್ಲಿ ಏನು ನೋಡಿದೆ ಎಂದು ನೀವು ಯಾವಾಗಲೂ ಕೇಳುತ್ತೀರಿ. ಏನೂ ನೋಡಲಿಲ್ಲ. ಕೌದಿಯ ಮೇಲಿದ್ದ ಅವಳ ಕೈ ನೋಡಿದೆ. ಅವಳು ಹೊಲಿಗೆಯ ಸಾಲಿನ ಮೇಲೆ ಬೆರಳು ಓಡಿಸುತ್ತಿದ್ದಳು. ಹೊಲಿಗೆ ಬಲ್ಲವರು ಮಾತ್ರ ಹಾಗೆ ಮುಟ್ಟುತ್ತಾರೆ. ಖಾಕಿಯ ತುಂಡು ಬಂದಲ್ಲಿ ಬೆರಳು ನಿಲ್ಲಿಸಿ ನನ್ನನ್ನು ನೋಡಿದಳು. ನಾನು ಸ್ಟೇರಿಂಗ್ ತಿರುಗಿಸುವ ಹಾಗೆ ಕೈ ಮಾಡಿ, ಆಮೇಲೆ ಆಕಾಶ ತೋರಿಸಿದೆ. ಅವಳು ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡು ತಾನೂ ಆಕಾಶ ತೋರಿಸಿದಳು. ಹಾಲಮ್ಮನ ಜೊತೆ ಮೂವತ್ತು ವರ್ಷದಲ್ಲಿ ಇಷ್ಟು ಸಲೀಸಾಗಿ ಮಾತಾಡಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ನಿಮ್ಮಪ್ಪ ನಿಂತಿದ್ದರು. ಗಾಡಿಯಿಂದ ನಾನು, ನನ್ನ ಹಿಂದೆ ಗಂಟು ಹೊತ್ತ ಒಬ್ಬ ಜಪಾನಿ ಮುದುಕಿ, ಅವಳ ಹಿಂದೆ ಸೂಟ್‌ಕೇಸು ಹಿಡಿದ ಡ್ರೈವರು ಇಳಿದದ್ದನ್ನು ನೋಡಿ ಅವರು ಓಡಿ ಬಂದರು. "ಅತ್ತಿ, ಇವ್ರು ಯಾರ್ರೀ?" ಅಂದರು.

"ಸೀಟಿಗೆ ಬಂದವ್ರು" ಅಂದೆ. ಅಲ್ಲಿ ಟ್ಯಾಕ್ಸಿ ಮೊದಲು ಹತ್ತಿದವರಿಗೆ ಮಾತ್ರ, ಅದರ ಬಾಗಿಲನ್ನು ಡ್ರೈವರೇ ಕೂತಲ್ಲಿಂದ ತೆರೆದು ಮುಚ್ಚುತ್ತಾರೆ ಎಂದು ನಿಮ್ಮಪ್ಪ ನನಗೆ ತಿಳಿಸಿ ಹೇಳಿದ್ದು ಮೂರು ದಿನದ ಮೇಲೆ, ಅದೂ ನಗು ತಡೆದುಕೊಂಡು.

ಡಬ್ಬಿ ತೆಗೆದು ಆ ಮುದುಕಿಯ ಕೈಯಲ್ಲಿ ಎರಡು ಅಂಟಿನ ಉಂಡೆ, ಡ್ರೈವರ ಬಿಳಿಯ ಕೈಗವಸಿನ ಮೇಲೆ ಎರಡು ಇಟ್ಟೆ. ಇಬ್ಬರೂ ಬಗ್ಗಿದರು. ನಾನೂ ಬಗ್ಗಿದೆ. ಅವಳು ಅದೇ ಗಾಡಿಯಲ್ಲಿ ಹೋದಳು. ಹೆಸರು ಕೇಳಲಿಲ್ಲ.

ಒಳಗೆ ನಿಮ್ಮವ್ವ ಸಣ್ಣ ಮಂಚದ ಮೇಲೆ ಮಲಗಿದ್ದಳು. ಹಣೆಯೆಲ್ಲ ಬೆವರು, ತುಟಿ ಕಚ್ಚಿಕೊಂಡಿದ್ದಳು. ಕೈ ಮಂಚದ ಕಂಬಿಯ ಮೇಲಿತ್ತು. ಅಲ್ಲಿಯ ನರ್ಸು ಒಂದು ಕುರ್ಚಿ ತೋರಿಸಿದಳು, ದೂರದಲ್ಲಿತ್ತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ನಿಮ್ಮವ್ವ ಕಣ್ಣು ತೆರೆದಳು. ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ. ಆ ನೋವಿನಲ್ಲಿ, ಅಷ್ಟು ದೊಡ್ಡ ಹೊಟ್ಟೆ ಹೊತ್ತುಕೊಂಡು, ಮೊಣಕೈ ಊರಿ ಒಂದು ಗೇಣು ಆಚೆ ಸರಿದಳು.

"ಬಾ ಅವ್ವಾ. ಕುಂದ್ರು. ಜಾಗ ಐತಿ."

ಟೆಂಪೋದಲ್ಲಿ ನನ್ನ ತೊಡೆಯ ಮೇಲೆ ಕೂತು ಬೆಳೆದ ಮಗಳು. ನಾನು ಆ ಗೇಣು ಜಾಗದಲ್ಲಿ ಕೂತೆ. ಅವಳ ಕೈ ಕಂಬಿ ಬಿಟ್ಟು ನನ್ನ ಕೈಗೆ ಬಂತು. ಆಮೇಲೆ ಅವಳು ಅದನ್ನು ಎಷ್ಟು ಜೋರಾಗಿ ಹಿಡಿದಳೆಂದರೆ ನನ್ನ ಒಂದು ಬೆಳ್ಳಿಯ ಬಳೆ ಬಾಗಿಹೋಯಿತು. ಅದನ್ನು ನಾನು ಇನ್ನೂ ತಿದ್ದಿಸಿಲ್ಲ.

ಕೊಟ್ರೇಶಿ, ನೀನು ಬಂದದ್ದು ಮಧ್ಯಾಹ್ನದ ಹೊತ್ತಿಗೆ. ನರ್ಸು ನಿನ್ನನ್ನು ತೊಳೆದು ಒರೆಸಿ ಸುತ್ತಿ ತಂದು, ಎಲ್ಲಿ ಮಲಗಿಸಲಿ ಎನ್ನುವ ಹಾಗೆ ನಮ್ಮಿಬ್ಬರ ಮುಖ ನೋಡಿದಳು. ನಾನು ಕೌದಿ ಬಿಚ್ಚಿ ಹಾಸಿದೆ. ನಿಮ್ಮವ್ವ ಆ ಕಡೆಗೆ ಸ್ವಲ್ಪ ಸರಿದಳು, ನಾನು ಈ ಕಡೆಗೆ ಸ್ವಲ್ಪ ಸರಿದೆ. ನಡುವೆ, ನಿಮ್ಮಜ್ಜನ ಅಂಗಿಯ ತುಂಡಿನ ಮೇಲೆ, ನಿನ್ನನ್ನು ಇಟ್ಟರು.